ಸುಸ್ತಿಗೂ ಒಂದು ಚರಿತ್ರೆ

ಸುಸ್ತು ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಅಂಥ ಬೆಲೆಯೇನೂ ಇಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ, ಕೆಮ್ಮಿದರೆ ಕಷಾಯ ಕಾಸಿ ಕೊಡುತ್ತಾರೆ, ಕಾಲು ಉಳುಕಿದರೆ ಎಣ್ಣೆ ತಿಕ್ಕುತ್ತಾರೆ. 'ಯಾಕೋ ಸುಸ್ತು' ಎಂದು ಹೆಂಗಸೊಬ್ಬಳು ಹೇಳಿದರೆ ಮಾತ್ರ 'ಯಾರಿಗಿಲ್ಲ ಸುಸ್ತು?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಣ್ಣಿಗೆ ಕಾಣದ ಬೇನೆಗೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ್ದನ್ನು ಜನ ಸ್ವಭಾವ ಎನ್ನುತ್ತಾರೆ. ಸ್ವಲ್ಪ ಬಿರುಸಾಗಿ ಹೇಳುವವರು ಸೋಮಾರಿತನ ಎನ್ನುತ್ತಾರೆ. ಹೀಗೆ ಸ್ವಭಾವದ ಲೆಕ್ಕಕ್ಕೆ ಬಿದ್ದಿದ್ದ ಒಂದು ಬಗೆಯ ಸುಸ್ತು ಕಾಯಿಲೆಯ ಲೆಕ್ಕಕ್ಕೆ ಬಂದದ್ದರ ಹಿಂದೆ ಒಂದು ಚರಿತ್ರೆಯಿದೆ. ಕೊರಳಿನ ಒಂದು ಸಣ್ಣ ಗ್ರಂಥಿ, ಕೆಲವು ವೈದ್ಯರು ಮತ್ತು ಹೆಸರೇ ತಿಳಿಯದ ಅನೇಕ ಹೆಂಗಸರು ಆ ಚರಿತ್ರೆಯ ಪಾತ್ರಗಳು.

ಆ ಗ್ರಂಥಿಯ ಹೆಸರು ಥೈರಾಯ್ಡ್. ಗಂಟಲಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಕುಳಿತಿರುತ್ತದೆ. ತೂಕ ಸುಮಾರು 20 ಗ್ರಾಂ. 1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಎಂಬ ವೈದ್ಯ ಗುರಾಣಿ ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಈ ಹೆಸರಿಟ್ಟ. ಇದರ ಕೆಲಸವೇನೆಂದು ಅವನಿಗೆ ತಿಳಿದಿರಲಿಲ್ಲ. ಕೊರಳಿನ ತಗ್ಗುಗಳನ್ನು ತುಂಬಿ ಅದನ್ನು ದುಂಡಗೆ, ಚೆಲುವಾಗಿ ಕಾಣಿಸುವುದೂ ಇದರ ಉದ್ದೇಶವಿರಬೇಕು, ಅದಕ್ಕಾಗಿಯೇ ಹೆಂಗಸರಲ್ಲಿ ಇದು ಸ್ವಲ್ಪ ದೊಡ್ಡದಾಗಿದೆ ಎಂದು ಬರೆದ. ಓದಿದಾಗ ನನಗೆ ನಗು ಬಂತು. ಹೆಣ್ಣಿನ ದೇಹದಲ್ಲಿ ಏನು ಕಂಡರೂ ಅದು ಅಲಂಕಾರಕ್ಕೇ ಇರಬೇಕು ಎಂದುಕೊಳ್ಳುವುದು ಎಷ್ಟು ಹಳೆಯ ಅಭ್ಯಾಸ ನೋಡಿ! ಮುಂದೆ ಎರಡು ಶತಮಾನ ಕಳೆದರೂ ಈ ಗ್ರಂಥಿಯ ನಿಜವಾದ ಕೆಲಸ ಯಾರಿಗೂ ತಿಳಿಯಲಿಲ್ಲ.

1873ರಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್ ಎಂಬ ಹೆಸರಾಂತ ವೈದ್ಯ ಅಲ್ಲಿನ ಕ್ಲಿನಿಕಲ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಓದಿದ. ಅವನು ನೋಡಿದ್ದ ಐವರು ಹೆಂಗಸರ ವಿಷಯ ಅದು. ನಡುವಯಸ್ಸಿನಲ್ಲಿ ಅವರ ಮುಖ ಊದಿಕೊಂಡು ದುಂಡಗಾಗಿತ್ತು, ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು, ಕೈಬೆರಳುಗಳು ಅಗಲವಾಗಿದ್ದವು. ಹಿಂದೆ ಚುರುಕಾಗಿದ್ದ ಮನಸ್ಸು ಯಾವುದರಲ್ಲೂ ಆಸಕ್ತಿಯಿಲ್ಲದೆ ಮಂಕಾಗಿತ್ತು. ಕಾರಣವೇನೆಂದು ಗಲ್‌ಗೆ ಗೊತ್ತಾಗಲಿಲ್ಲ. ಆದರೆ ಅವನು ಒಂದು ದೊಡ್ಡ ಕೆಲಸ ಮಾಡಿದ. ಇವರು ಸೋಮಾರಿಗಳಲ್ಲ, ಹಿಂದೆ ಹೀಗಿರಲಿಲ್ಲ, ಇವರಿಗೆ ಏನೋ ಆಗಿದೆ ಎಂದು ಬರೆದಿಟ್ಟ. ಐದು ವರ್ಷಗಳ ನಂತರ ವಿಲಿಯಂ ಆರ್ಡ್ ಎಂಬ ಇನ್ನೊಬ್ಬ ವೈದ್ಯ ಈ ಸ್ಥಿತಿಗೆ ಮಿಕ್ಸೆಡಿಮಾ ಎಂದು ಹೆಸರಿಟ್ಟ. ಈ ಕಾಯಿಲೆಯಿಂದ ಸತ್ತವರ ದೇಹವನ್ನು ಪರೀಕ್ಷಿಸಿದಾಗ ಥೈರಾಯ್ಡ್ ಗ್ರಂಥಿ ಬತ್ತಿಹೋಗಿದ್ದುದು ಕಂಡುಬಂತು. ಆದರೆ ಬತ್ತಿದ ಗ್ರಂಥಿಯೇ ಕಾಯಿಲೆಗೆ ಕಾರಣವೋ, ಕಾಯಿಲೆಯಿಂದ ಗ್ರಂಥಿ ಬತ್ತಿತೋ? ಇದಕ್ಕೆ ಉತ್ತರ ಬಂದದ್ದು ಸ್ವಿಟ್ಜರ್ಲೆಂಡಿನಿಂದ, ಅದೂ ಒಬ್ಬ ಹುಡುಗಿಯ ಬಾಳನ್ನು ಬಲಿ ತೆಗೆದುಕೊಂಡು.

ಆಲ್ಪ್ಸ್ ಪರ್ವತದ ಆ ನಾಡಿನಲ್ಲಿ ಕೊರಳಲ್ಲಿ ಗಡ್ಡೆ ಬೆಳೆಯುವ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ನಮ್ಮಲ್ಲೂ ಇದು ಹೊಸದಲ್ಲ. ಸುಶ್ರುತ ಸಂಹಿತೆಯಲ್ಲೇ ಇದರ ವರ್ಣನೆಯಿದೆ. ಥೈರಾಯ್ಡ್ ಗ್ರಂಥಿಯೇ ಊದಿ ಈ ಗಡ್ಡೆಯಾಗುತ್ತದೆ. ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡೋರ್ ಕೋಕರ್ ಇದನ್ನು ಕತ್ತರಿಸಿ ತೆಗೆಯುವುದರಲ್ಲಿ ನಿಸ್ಸೀಮ. ಹಿಂದೆ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಹಳ ಮಂದಿ ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುತ್ತಿದ್ದರು. ಕೋಕರನ ಕೈಯಲ್ಲಿ ಆ ಸಾವು ಕ್ರಮೇಣ ನೂರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. 1874ರಲ್ಲಿ ಅವನು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ. ಗಾಯ ಚೆನ್ನಾಗಿ ಮಾಗಿತು, ಹುಡುಗಿ ಮನೆಗೆ ಹೋದಳು. ಸ್ವಲ್ಪ ಕಾಲದ ಮೇಲೆ ಅವಳ ಊರಿನ ವೈದ್ಯ, ಆ ಹುಡುಗಿ ಮೊದಲಿನಂತಿಲ್ಲ, ಮಂಕಾಗಿದ್ದಾಳೆ, ಕೆಲಸ ಮಾಡಿಸುವುದೇ ಕಷ್ಟವಾಗಿದೆ ಎಂದು ತಿಳಿಸಿದ.

1883ರ ಹೊತ್ತಿಗೆ ಕೋಕರ್ ತನ್ನ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದ. ಆ ಹುಡುಗಿಗೆ ಒಬ್ಬ ತಂಗಿಯಿದ್ದಳು. ಹಿಂದೆ ಇಬ್ಬರೂ ಒಂದೇ ಅಚ್ಚಿನಂತಿದ್ದರಂತೆ. ಈಗ ತಂಗಿ ಬೆಳೆದು ಲಕ್ಷಣವಾದ ತರುಣಿಯಾಗಿದ್ದಳು. ಅಕ್ಕ ಮಾತ್ರ ಬೆಳವಣಿಗೆ ನಿಂತು, ಊದಿದ ಮುಖದ, ಬುದ್ಧಿ ಮಂದವಾದ ಗಿಡ್ಡ ಆಕೃತಿಯಾಗಿ ಉಳಿದಿದ್ದಳು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡು ಮತ್ತೆ ಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಮಂದಿ ಹೀಗೆಯೇ ಬದಲಾಗಿದ್ದರು. ಕೋಕರ್ ಇದನ್ನು ಮುಚ್ಚಿಡಲಿಲ್ಲ. ಶಸ್ತ್ರವೈದ್ಯರ ಸಭೆಯಲ್ಲಿ ಎಲ್ಲವನ್ನೂ ಹೇಳಿ, ಇನ್ನು ಮುಂದೆ ಗಳಗಂಡಕ್ಕಾಗಿ ಇಡೀ ಗ್ರಂಥಿಯನ್ನು ತೆಗೆಯಬಾರದು ಎಂದ. 1909ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಅಕ್ಕನಿಗೆ ಹೋದದ್ದು ಬರಲಿಲ್ಲ.

ಲಂಡನ್ನಿನ ಕ್ಲಿನಿಕಲ್ ಸೊಸೈಟಿ ಒಂದು ಸಮಿತಿ ನೇಮಿಸಿ, ನೂರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ 1888ರಲ್ಲಿ ವರದಿ ಕೊಟ್ಟಿತು. ಅವರಲ್ಲಿ ಬಹುಪಾಲು ಹೆಂಗಸರೇ. ಗಲ್ ಕಂಡ ಹೆಂಗಸರು, ಕೋಕರನ ರೋಗಿಗಳು, ಬೆಟ್ಟದ ಸೀಮೆಗಳಲ್ಲಿ ಹುಟ್ಟಿನಿಂದಲೇ ಕುಬ್ಜರೂ ಮಂದಬುದ್ಧಿಯವರೂ ಆಗಿ ಬೆಳೆಯುವ ಮಕ್ಕಳು, ಈ ಮೂವರದೂ ಒಂದೇ ಕೊರತೆ, ಥೈರಾಯ್ಡ್ ಗ್ರಂಥಿಯ ಕೊರತೆ ಎಂದು ಸಮಿತಿ ನಿರ್ಣಯಿಸಿತು.

ಕೊರತೆ ಎಂದು ಗೊತ್ತಾದ ಮೇಲೆ ತುಂಬಿ ನೋಡೋಣ ಎನಿಸುವುದು ಸಹಜವಲ್ಲವೇ? ಆ ಧೈರ್ಯ ಮಾಡಿದವನು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಜಾರ್ಜ್ ಮರ್ರೆ. ಆಗ ಅವನಿಗೆ ಇಪ್ಪತ್ತೈದು ಇಪ್ಪತ್ತಾರು ವರ್ಷ. 1891ರಲ್ಲಿ ಅವನು ಆಗತಾನೆ ಕಡಿದ ಕುರಿಯ ಥೈರಾಯ್ಡನ್ನು ಗ್ಲಿಸರಿನ್‌ನಲ್ಲಿ ನೆನೆಸಿ ಸೋಸಿ, ಆ ರಸವನ್ನು ನಲವತ್ತಾರು ವರ್ಷದ ಹೆಂಗಸೊಬ್ಬಳ ಚರ್ಮದಡಿ ಚುಚ್ಚಿದ. ಕೆಲವೇ ತಿಂಗಳಲ್ಲಿ ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ಒಣಗಿದ್ದ ಚರ್ಮ ಬೆವರತೊಡಗಿತು, ಮನೆಗೆಲಸ ಮೊದಲಿನಂತೆ ಸಾಗತೊಡಗಿತು. ಆಕೆ ಇನ್ನೂ 28 ವರ್ಷ ಬದುಕಿ, 1919ರಲ್ಲಿ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಗಾಗಿ ಒಟ್ಟು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತೆಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾನೆ. ಸೂಜಿಯೇ ಬೇಕಿಲ್ಲ, ತಿಂದರೂ ಗುಣ ಕಾಣುತ್ತದೆ ಎಂದು 1892ರಲ್ಲೇ ಗೊತ್ತಾಯಿತು. ಅರ್ಧ ಗ್ರಂಥಿಯನ್ನು ತುಸು ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯ ಜೊತೆ ವಾರಕ್ಕೊಮ್ಮೆ ತಿನ್ನಿಸಿದ ವೈದ್ಯನೊಬ್ಬನ ಬರಹವೂ ಇದೆ.

ಈ ಚರಿತ್ರೆಯ ಬೆನ್ನು ನಾನು ಹತ್ತಿದ್ದು ನನ್ನ ದೊಡ್ಡಮ್ಮನ ನೆನಪಿನಿಂದ. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಬೇಸಿಗೆಯ ದಿನಗಳಲ್ಲೂ ದೊಡ್ಡಮ್ಮ ಕಂಬಳಿ ಹೊದ್ದು ಮಲಗುತ್ತಿದ್ದರು. ಧ್ವನಿ ಎಷ್ಟು ಒಡೆದಿತ್ತೆಂದರೆ ಬಂದವರೆಲ್ಲ 'ಶೀತವಾಗಿದೆಯೇ?' ಎಂದು ಕೇಳುವರು. ಹುಬ್ಬು ತೆಳ್ಳಗಾಗಿತ್ತು, ತುರುಬಿಗೆ ಕೂದಲು ಸಾಲದೆ ಚೌರಿ ಸೇರಿಸಿಕೊಳ್ಳುತ್ತಿದ್ದರು. ರುಬ್ಬುವ ಕಲ್ಲಿನ ಮುಂದೆ ಕುಳಿತಲ್ಲೇ ತೂಕಡಿಸುವರು. ಮನೆಯವರು ಅವರಿಗೆ ಇಟ್ಟಿದ್ದ ಹೆಸರು 'ಎಮ್ಮೆ'. ಆ ಹೆಸರಿಗೆ ಅವರು ಒಮ್ಮೆಯೂ ಎದುರು ಮಾತಾಡಲಿಲ್ಲ. ಅದನ್ನೂ ಎಮ್ಮೆಯ ಲಕ್ಷಣ ಎಂದೇ ಎಣಿಸಿದರು. ಅವರ ರಕ್ತವನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಎಷ್ಟೋ ವರ್ಷಗಳ ಮೇಲೆ ನನಗೇ ಥೈರಾಯ್ಡ್ ಕೊರತೆಯೆಂದು ವೈದ್ಯೆಯೊಬ್ಬರು ಮಾತ್ರೆ ಬರೆದುಕೊಟ್ಟು, ಲಕ್ಷಣಗಳನ್ನು ಒಂದೊಂದಾಗಿ ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಬಂದು ನಿಂತದ್ದು ದೊಡ್ಡಮ್ಮ. 1891ರಲ್ಲಿ ನ್ಯೂಕ್ಯಾಸಲ್ಲಿನ ಹೆಂಗಸಿಗೆ ಸಿಕ್ಕಿದ ಔಷಧಿ ಎಂಬತ್ತು ವರ್ಷ ಕಳೆದರೂ ನಮ್ಮ ಹಿತ್ತಿಲ ಜಗಲಿಯವರೆಗೆ ಬರಲಿಲ್ಲ. ಔಷಧಿ ಇರಲಿಲ್ಲವೆಂದಲ್ಲ, ಇದು ಕಾಯಿಲೆ ಇರಬಹುದು ಎಂದು ಕೇಳುವವರು ಇರಲಿಲ್ಲ.

ಇಷ್ಟು ಸಣ್ಣ ಗ್ರಂಥಿ ಇಡೀ ದೇಹವನ್ನು ಹೀಗೆ ಹಿಡಿದಿಡುವುದು ಹೇಗೆ? ನಮ್ಮ ಬಾಯಿಯ ಜೊಲ್ಲಿನ ಗ್ರಂಥಿಗೆ ನಾಳವಿದೆ, ರಸ ಅದರ ಮೂಲಕ ಬಾಯಿಗೆ ಬರುತ್ತದೆ. ಥೈರಾಯ್ಡ್‌ಗೆ ನಾಳವಿಲ್ಲ, ಅದು ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ. ಇಂಥವನ್ನು ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ. ಹೀಗೆ ರಕ್ತದಲ್ಲಿ ಸಾಗಿ ದೂರದ ಅಂಗಗಳಿಗೆ ಸುದ್ದಿ ಮುಟ್ಟಿಸುವ ವಸ್ತುವಿಗೆ 1905ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಹಾರ್ಮೋನು ಎಂದು ಹೆಸರು ಕೊಟ್ಟ. ಎಬ್ಬಿಸುವುದು, ಹುರಿದುಂಬಿಸುವುದು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಥೈರಾಯ್ಡ್ ಹಾರ್ಮೋನು ಮಾಡುವುದೂ ಅದನ್ನೇ. ಜೀವಕೋಶಗಳೆಂಬ ಒಲೆಗಳ ಉರಿ ಎಷ್ಟಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಉರಿ ಸಣ್ಣದಾದರೆ ಮೈ ತಣ್ಣಗಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಮಲಬದ್ಧತೆ ಕಾಡುತ್ತದೆ, ಮುಟ್ಟು ಏರುಪೇರಾಗುತ್ತದೆ, ಮನಸ್ಸು ಮಂಕಾಗುತ್ತದೆ. ಉರಿ ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಎಷ್ಟು ತಿಂದರೂ ಮೈ ಇಳಿಯುತ್ತದೆ.

ಈ ಉರಿಯನ್ನು ನೋಡಿಕೊಳ್ಳುವ ಏರ್ಪಾಡು ನಮ್ಮ ಅವಿಭಕ್ತ ಕುಟುಂಬದ ಅಡುಗೆಮನೆಯಂತೆಯೇ ಇದೆ. ಥೈರಾಯ್ಡ್ ಎಂದರೆ ಒಲೆಯ ಮುಂದಿನ ಸೊಸೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅತ್ತೆ. ಅವಳ ಮೇಲೆ ಹೈಪೊಥಾಲಮಸ್ ಎಂಬ ಅಜ್ಜಿ. ರಕ್ತದಲ್ಲಿ ಹಾರ್ಮೋನು ಸಾಕಷ್ಟಿದ್ದರೆ ಅತ್ತೆ ಸುಮ್ಮನಿರುತ್ತಾಳೆ. ಕಡಿಮೆಯಾದರೆ ಅಜ್ಜಿ ಅತ್ತೆಯನ್ನು ತಿವಿಯುತ್ತಾಳೆ, ಅತ್ತೆ ಸೊಸೆಯನ್ನು ಕೂಗುತ್ತಾಳೆ. ಆ ಕೂಗಿನ ಹೆಸರೇ ಟಿ.ಎಸ್.ಎಚ್. ಸೊಸೆಗೆ ಕೈಲಾಗದೆ ಹೋದಷ್ಟೂ ಅತ್ತೆಯ ಕೂಗು ಏರುತ್ತದೆ. ಗ್ರಂಥಿಯ ಕೆಲಸ ಕಡಿಮೆಯಾದಾಗ ವರದಿಯಲ್ಲಿ ಟಿ.ಎಸ್.ಎಚ್. ಹೆಚ್ಚಿರುವುದನ್ನು ಕಂಡು ಎಷ್ಟೋ ಮಂದಿ ಗಲಿಬಿಲಿಗೊಳ್ಳುತ್ತಾರೆ. ಅಳೆದದ್ದು ಸೊಸೆಯ ಅಡುಗೆಯನ್ನಲ್ಲ, ಅತ್ತೆಯ ಗಂಟಲನ್ನು ಎಂದುಕೊಂಡರೆ ಗೊಂದಲವಿಲ್ಲ.

ಸೊಸೆಗೆ ಅಡುಗೆ ಮಾಡಲು ಸಾಮಾನು ಬೇಕಲ್ಲ, ಅದು ಅಯೋಡಿನ್. ಇದು ಸಿಕ್ಕಿದ್ದು ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪಿಗಾಗಿ ಕಡಲಕಳೆಯ ಬೂದಿಯ ಮೇಲೆ ಕೆಲಸ ಮಾಡುತ್ತಿದ್ದಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ಕ್ವಾಂಡೆ ಎಂಬ ವೈದ್ಯ ಗಳಗಂಡಕ್ಕೆ ಅದನ್ನು ಕೊಟ್ಟು ಗುಣ ಕಂಡ. ಆದರೆ ಅಳತೆ ತಪ್ಪಿ ಹೆಚ್ಚಾದಾಗ ಕೆಲವರಿಗೆ ಕೇಡಾಗಿ, ಈ ಚಿಕಿತ್ಸೆ ಬಹುಕಾಲ ಹಿಂದೆ ಬಿತ್ತು. 1895ರಲ್ಲಿ ಜರ್ಮನಿಯ ಬೌಮನ್ ಥೈರಾಯ್ಡ್ ಗ್ರಂಥಿಯಲ್ಲಿಯೇ ಅಯೋಡಿನ್ ಇರುವುದನ್ನು ಕಂಡುಹಿಡಿದ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನು ಹರಳಾಗಿ ಬೇರ್ಪಡಿಸಿದ. ಮೂರು ಟನ್ ಹಂದಿಯ ಗ್ರಂಥಿಯಿಂದ ಅವನಿಗೆ ಸಿಕ್ಕಿದ್ದು ಸುಮಾರು 33 ಗ್ರಾಂ! 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಥೈರಾಕ್ಸಿನ್‌ನಲ್ಲಿ ಅಯೋಡಿನ್‌ನ ನಾಲ್ಕು ಪರಮಾಣುಗಳಿವೆ. ಮೂರೇ ಪರಮಾಣುಗಳಿರುವ, ಇನ್ನೂ ಚುರುಕಾದ ತಂಗಿ ಹಾರ್ಮೋನನ್ನು 1952ರಲ್ಲಿ ಜಾಕ್ ಗ್ರಾಸ್ ಜೊತೆಗೂಡಿ ಗುರುತಿಸಿದವರು ರೋಸಲಿಂಡ್ ಪಿಟ್ ರಿವರ್ಸ್ ಎಂಬ ಮಹಿಳೆ.

ನಮಗೆ ಬೇಕಾದ ಅಯೋಡಿನ್ ಎಷ್ಟು ಗೊತ್ತೆ? ದಿನಕ್ಕೆ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ಮುಟ್ಟುವುದಿಲ್ಲ. ಆದರೆ ಮಳೆ ಮತ್ತು ಹಿಮ ಬೆಟ್ಟಗಳ ಮಣ್ಣಿನಿಂದ ಅಷ್ಟನ್ನೂ ತೊಳೆದು ಕಡಲಿಗೆ ಸಾಗಿಸಿಬಿಡುತ್ತವೆ. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿಲ್ಲ, ಬೆಳೆಯಲ್ಲಿಲ್ಲದ್ದು ತಟ್ಟೆಯಲ್ಲಿಲ್ಲ. ಸಾಮಾನು ಸಾಲದ ಗ್ರಂಥಿ ದುಡಿದೂ ದುಡಿದೂ ಊದಿಕೊಳ್ಳುತ್ತದೆ, ಅದೇ ಗಳಗಂಡ. ಅಮೆರಿಕದ ಏಕ್ರನ್ ಊರಿನಲ್ಲಿ 1917ರಿಂದ ಡೇವಿಡ್ ಮರೀನ್ ಮತ್ತು ಕಿಂಬಾಲ್ ಶಾಲೆಯ ಹುಡುಗಿಯರಿಗೆ ಅಯೋಡಿನ್ ಕೊಟ್ಟು ನೋಡಿದರು. ಅದನ್ನು ತೆಗೆದುಕೊಂಡ 2190 ಹುಡುಗಿಯರಲ್ಲಿ ಐವರಿಗೆ ಮಾತ್ರ ಕೊರಳು ಊದಿತು. ತೆಗೆದುಕೊಳ್ಳದ 2305 ಹುಡುಗಿಯರಲ್ಲಿ 495 ಮಂದಿಗೆ ಊದಿತು. ಇದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನು ಬೇಕು? ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1924ರಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಮಾರಾಟಕ್ಕೆ ಬಂತು.

ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆದದ್ದು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ಜನರಿರುವ ಸೀಮೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಹಂಚಿದರು. ಆರಂಭದಲ್ಲಿ ಮೂರೂ ಕಡೆ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿತ್ತು. ಆರು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಅದು ಅರ್ಧಕ್ಕಿಳಿಯಿತು; ಉಳಿದ ಕಡೆ ಇದ್ದಲ್ಲೇ ಇತ್ತು. ಆಮೇಲೆ ಆ ಮೂರನೆಯ ಭಾಗಕ್ಕೂ ಅಯೋಡಿನ್ ಉಪ್ಪು ಕೊಟ್ಟರು. 1962ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು 1998ರಲ್ಲಿ ನಿಷೇಧಿಸಿ, 2000ದಲ್ಲಿ ಆ ನಿಷೇಧ ತೆಗೆದು, 2006ರಿಂದ ಮತ್ತೆ ಜಾರಿಗೆ ತಂದರು.

ಉಪ್ಪಿನಕಾಯಿಗೆ ಕಲ್ಲುಪ್ಪೇ ಆಗಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ದಿನದ ಸಾರು ಪಲ್ಯಕ್ಕೆ ಅಯೋಡಿನ್ ಇರುವ ಉಪ್ಪನ್ನೇ ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಶಾಖ ತಾಗದಂತೆ ಇಟ್ಟು ಬಳಸುವುದು ಒಳ್ಳೆಯದು. ಹಿಮಾಲಯದ್ದೆಂದು ದುಬಾರಿ ಬೆಲೆಗೆ ಮಾರುವ ಗುಲಾಬಿ ಉಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಯಾವ ಹಿಮಾಲಯದ ತಪ್ಪಲಿನ ಜನ ಅಯೋಡಿನ್ ಇಲ್ಲದೆ ತಲೆಮಾರುಗಟ್ಟಲೆ ನರಳಿದರೋ ಅದೇ ಹೆಸರನ್ನು ಆರೋಗ್ಯದ ಗುರುತಾಗಿ ಮಾರುವುದು ವಿಚಿತ್ರವಲ್ಲವೇ?

ಹಾಗಾದರೆ ಉಪ್ಪು ಸರಿಯಾಗಿ ತಿಂದೂ ನಮ್ಮಲ್ಲಿ ಇಷ್ಟು ಹೆಂಗಸರು ಥೈರಾಯ್ಡ್ ಮಾತ್ರೆ ನುಂಗುವುದೇಕೆ? ಇದರ ಸುಳಿವು 1912ರಲ್ಲಿ ಜಪಾನಿನ ಹಕಾರು ಹಾಶಿಮೊಟೊ ಎಂಬ ತರುಣ ವೈದ್ಯನಿಗೆ ಸಿಕ್ಕಿತ್ತು. ನಾಲ್ವರು ರೋಗಿಗಳ ಗ್ರಂಥಿಯಲ್ಲಿ ಬಿಳಿ ರಕ್ತಕಣಗಳು ಮುತ್ತಿಕೊಂಡಿರುವುದನ್ನು ಅವನು ಕಂಡ. ನಾಲ್ವರೂ ಹೆಂಗಸರು. ಕಾರಣ ತಿಳಿಯಲು 1956 ಬರಬೇಕಾಯಿತು. ಲಂಡನ್ನಿನ ಡೆಬೊರಾ ಡೊನಿಯಾಕ್ ಎಂಬ ವೈದ್ಯೆ, ಐವನ್ ರಾಯ್ಟ್ ಮತ್ತು ಪೀಟರ್ ಕ್ಯಾಂಪ್‌ಬೆಲ್ ಜೊತೆಗೂಡಿ, ಇಂಥ ರೋಗಿಗಳ ರಕ್ತದಲ್ಲಿ ತಮ್ಮದೇ ಗ್ರಂಥಿಯ ವಿರುದ್ಧ ಪ್ರತಿಕಾಯಗಳಿವೆ ಎಂದು ತೋರಿಸಿದಳು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಹೆರಿಗೆಯಾದ ಮೊದಲ ವರ್ಷದಲ್ಲಿ ಇದು ತಲೆಯೆತ್ತುವುದೂ ಉಂಟು. ಆಗ ಬಾಣಂತಿಯ ಬಳಲಿಕೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಸುಮ್ಮನಾಗಬಾರದ ಇನ್ನೊಂದು ಕಡೆಯಿದೆ. ಬಸಿರಿನ ಮೊದಲ ಮೂರು ತಿಂಗಳು ಮಗುವಿನ ಗ್ರಂಥಿ ಇನ್ನೂ ಕೆಲಸ ಶುರುಮಾಡಿರುವುದಿಲ್ಲ; ಅದರ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಕೆಲವು ಮಕ್ಕಳು ಗ್ರಂಥಿಯ ದೋಷದೊಂದಿಗೇ ಹುಟ್ಟುತ್ತವೆ. ನೋಡಲು ಬೇರೆ ಮಕ್ಕಳಂತೆಯೇ ಇರುವುದರಿಂದ ತಾಯಿಯ ಕಣ್ಣಿಗೂ ಗೊತ್ತಾಗುವುದಿಲ್ಲ. ಕಂದನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಪರೀಕ್ಷಿಸುವ ಕ್ರಮವನ್ನು 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯುಸೋ ಆರಂಭಿಸಿದ. ಹುಟ್ಟಿದ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರಂತೆ ಆಡಿ, ಓದಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹೆರಿಗೆಯಾದರೆ ಈ ಪರೀಕ್ಷೆಯಾಯಿತೇ ಎಂದು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ.

ಎಲ್ಲ ಸುಸ್ತೂ ಥೈರಾಯ್ಡಿನದಲ್ಲ. ರಕ್ತಹೀನತೆಯಿರಬಹುದು, ಸಕ್ಕರೆ ಕಾಯಿಲೆಯಿರಬಹುದು, ನಿದ್ದೆಗೆಟ್ಟ ದುಡಿಮೆಯೂ ಇರಬಹುದು. ಪಕ್ಕದ ಮನೆಯವರ ಮಾತ್ರೆಯನ್ನು ಕೇಳಿ ನುಂಗುವುದು, ಮೈ ಇಳಿಸಲೆಂದು ಥೈರಾಯ್ಡ್ ಮಾತ್ರೆ ತಿನ್ನುವುದು ಎದೆಗೆ ಅಪಾಯ. ವೈದ್ಯರು ಹೇಳಿದಷ್ಟನ್ನು, ಬೆಳಗಿನ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಮುಂಚೆ ನುಂಗಬೇಕು. ಗುಣವಾಯಿತೆಂದು ತಾವಾಗಿಯೇ ಬಿಡಬಾರದು.

ಗಲ್, ಕೋಕರ್, ಮರ್ರೆ, ಹಾಶಿಮೊಟೊ, ಇವರ ಹೆಸರುಗಳು ವೈದ್ಯಕೀಯ ಪುಸ್ತಕಗಳಲ್ಲಿವೆ. ಲಂಡನ್ನಿನ ಐವರು, ನ್ಯೂಕ್ಯಾಸಲ್ಲಿನ ಗೃಹಿಣಿ, ಏಕ್ರನ್ನಿನ ಹುಡುಗಿಯರು, ಜಪಾನಿನ ನಾಲ್ವರು ಅಲ್ಲಿ ಬರಿಯ ಸಂಖ್ಯೆಗಳು. ಆದರೂ ಅವರು 'ನನಗೆ ಏನೋ ಆಗಿದೆ' ಎಂದು ಹೇಳಿದ್ದರಿಂದ, ಅದನ್ನು ಒಬ್ಬರು ಕಿವಿಗೊಟ್ಟು ಕೇಳಿದ್ದರಿಂದ ಇಷ್ಟೆಲ್ಲ ತಿಳಿಯಿತು. ಇಂದು ಆ ಕೇಳುವ ಕೆಲಸಕ್ಕೆ ದೊಡ್ಡ ವೈದ್ಯರೇ ಆಗಬೇಕಿಲ್ಲ. ಮನೆಯಲ್ಲಿ ಯಾರಾದರೂ 'ಯಾಕೋ ಸುಸ್ತು' ಎಂದಾಗ, 'ಎಷ್ಟು ದಿನದಿಂದ?' ಎಂದು ಕೇಳಿದರೆ ಸಾಕು. ಉಳಿದದ್ದಕ್ಕೆ ದಾರಿ ಆಗಲೇ ಸಿದ್ಧವಾಗಿದೆ.